ಸ್ಪಾರ್ಕ್ ಪ್ಲಗ್ ಬದಲಿಸಿದರೆ ಎಂಜಿನ್ ಶಕ್ತಿ ಹೆಚ್ಚುತ್ತದೆಯೇ? ಹವ್ಯಾಸಿ ರೇಸ್ ಕಾರಿಗೆ ಪ್ಲಗ್ ಆರಿಸುವ ಕ್ರಮ

ಕಾರ್ ರೇಸಿಂಗನ್ನು ಹವ್ಯಾಸವಾಗಿ ಇಟ್ಟುಕೊಂಡವರು ಎಂಜಿನ್ನಿಗೆ ಮೊದಲು ಕೈ ಹಾಕುವುದು ಬಹುಪಾಲು ಸ್ಪಾರ್ಕ್ ಪ್ಲಗ್ ಬದಲಿಸುವ ನೆಪದಲ್ಲಿ. ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಬಿಚ್ಚುವ ಗೋಜಿಲ್ಲ, ಕ್ಯಾಮ್‌ಷಾಫ್ಟ್ ಬದಲಿಸುವ ಖರ್ಚಿಲ್ಲ, ಸರಿಯಾದ ಸ್ಪ್ಯಾನರ್ ಇದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಮೇಲಾಗಿ ಪ್ಲಗ್ಗಿನ ಪೊಟ್ಟಣದ ಮೇಲೆ ಹೆಚ್ಚು ಶಕ್ತಿ, ಹೆಚ್ಚು ವೇಗ ಎಂಬ ಮಾತು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಹೀಗೆ ಬದಲಿಸಿದವರಲ್ಲಿ ಕೆಲವರು ಕಾರಿನ ಪುಲ್ಲಿಂಗ್ ಸುಧಾರಿಸಿತು ಎನ್ನುತ್ತಾರೆ, ಕೆಲವರು ಏನೂ ಆಗಲಿಲ್ಲ ಎನ್ನುತ್ತಾರೆ, ಮತ್ತೆ ಕೆಲವರ ಎಂಜಿನ್ ಮೊದಲಿಗಿಂತ ಹದಗೆಡುತ್ತದೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಕಳಚಿ ತೆಗೆದ ಹಳೆಯ ಪ್ಲಗ್ ಯಾವ ಸ್ಥಿತಿಯಲ್ಲಿತ್ತು, ಅದರ ಜಾಗಕ್ಕೆ ಬಂದ ಹೊಸದು ಆ ಎಂಜಿನ್ನಿಗೆ ಎಷ್ಟು ಹೊಂದುತ್ತಿತ್ತು ಎಂಬುದರ ಮೇಲೆ ಫಲ ನಿಂತಿರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸರಿಯಾದ ಸ್ಥಿತಿಯಲ್ಲಿರುವ, ಎಂಜಿನ್ನಿಗೆ ಹೊಂದುವ ಪ್ಲಗ್ಗನ್ನು ತೆಗೆದು ಅದಕ್ಕಿಂತ ದುಬಾರಿಯಾದದ್ದನ್ನು ಹಾಕಿದರೆ ಅಳೆಯಬಹುದಾದಷ್ಟು ಶಕ್ತಿ ಸಿಗುವುದು ತೀರ ಅಪರೂಪ. ಆದರೆ ಹೊಂದದ ಪ್ಲಗ್ಗಿನಿಂದ ಶಕ್ತಿ ಸೋರಿಹೋಗುವುದು ಸಾಮಾನ್ಯ, ಪಿಸ್ಟನ್ನೇ ಕರಗಿಹೋಗುವುದೂ ಉಂಟು. ಆದುದರಿಂದ ಪ್ಲಗ್ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದರಿಂದ ಎಷ್ಟು ಗಳಿಸುತ್ತೇನೆ’ ಎಂಬುದಲ್ಲ, ‘ಈಗ ಏನನ್ನಾದರೂ ಕಳೆದುಕೊಳ್ಳುತ್ತಿದ್ದೇನೆಯೇ’ ಎಂಬುದು. ಮುಂದಿನ ಹಂತಗಳನ್ನು ಆ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮದಲ್ಲೇ ಜೋಡಿಸಿದ್ದೇನೆ.

ಕೆಲಸ ಶುರುಮಾಡುವ ಮುನ್ನ: ಕಿಡಿಗೆ ಎಷ್ಟು ಬಲ ಬೇಕು?

ಶಕ್ತಿ ಹುಟ್ಟುವುದು ಸಿಲಿಂಡರಿನೊಳಗೆ ಸೇರಿದ ಗಾಳಿ ಮತ್ತು ಇಂಧನ ಉರಿಯುವುದರಿಂದ. ಕಿಡಿಯದು ಬರೀ ಹೊತ್ತಿಸುವ ಕೆಲಸ. ಗಾಳಿ ಮತ್ತು ಇಂಧನ ಸರಿಯಾದ ಪ್ರಮಾಣದಲ್ಲಿದ್ದು ಮಿಶ್ರಣ ಅಲುಗಾಡದೆ ನಿಂತಿದ್ದರೆ ಅದನ್ನು ಹೊತ್ತಿಸಲು ಸುಮಾರು 0.2 ಮಿಲಿಜೂಲ್ ಸಾಕು. ಮಿಶ್ರಣ ತೆಳುವಾಗಿದ್ದರೆ (ಇಂಧನ ಕಡಿಮೆ) ಅಥವಾ ಅತಿ ದಟ್ಟವಾಗಿದ್ದರೆ (ಇಂಧನ ಹೆಚ್ಚು), ಜೊತೆಗೆ ಎಲೆಕ್ಟ್ರೋಡುಗಳ (ಕಿಡಿ ಹಾರುವ ಎರಡು ಲೋಹದ ತುದಿಗಳ) ನಡುವೆ ರಭಸವಾಗಿ ಹರಿಯುತ್ತಿದ್ದರೆ ಸುಮಾರು 3 ಮಿಲಿಜೂಲ್ ಬೇಕಾಗುತ್ತದೆ. ಸಾಮಾನ್ಯ ಕಾರುಗಳಲ್ಲಿ ಬ್ಯಾಟರಿಯ ವೋಲ್ಟೇಜನ್ನು ಏರಿಸಿ ಪ್ಲಗ್ಗಿಗೆ ಕೊಡುವ ಕಾಯಿಲ್ ಪ್ರತಿ ಕಿಡಿಗೂ 30ರಿಂದ 50 ಮಿಲಿಜೂಲ್ ಒದಗಿಸುತ್ತದೆ. ಅಂದರೆ ಬೇಕಾದುದರ ಹತ್ತು ಪಟ್ಟಿಗಿಂತ ಹೆಚ್ಚು ಈಗಾಗಲೇ ಕೈಯಲ್ಲಿದೆ. ಒಲೆಯನ್ನು ಒಂದು ಕಡ್ಡಿ ಗೀರಿ ಹೊತ್ತಿಸಿದರೂ ಹತ್ತು ಕಡ್ಡಿ ಗೀರಿ ಹೊತ್ತಿಸಿದರೂ ಅನ್ನ ಬೇಯುವ ಹೊತ್ತು ಬದಲಾಗುವುದಿಲ್ಲ.

ಹಾಗಿದ್ದರೆ ಪ್ಲಗ್ ಬದಲಿಸಿದವರಿಗೆ ಸಿಕ್ಕ ಶಕ್ತಿ ಎಲ್ಲಿಂದ ಬಂತು? ನಾಲ್ಕು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ 7200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಓಡುತ್ತಿದೆ ಎಂದುಕೊಳ್ಳಿ. ಎರಡು ಸುತ್ತಿಗೊಂದು ಕಿಡಿಯಂತೆ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 60 ಬಾರಿ, ಒಟ್ಟು 240 ಬಾರಿ ಕಿಡಿ ಹಾರಬೇಕು. ಇವುಗಳಲ್ಲಿ 5 ತಪ್ಪಿದರೆ ನಷ್ಟ ಸುಮಾರು ಶೇಕಡಾ 2. 150 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದು ಸುಮಾರು 3 ಅಶ್ವಶಕ್ತಿ. ಇಷ್ಟು ಸಣ್ಣ ಮಿಸ್ಸಿಂಗ್ ಹೆಲ್ಮೆಟ್ ಹಾಕಿಕೊಂಡು ಕೂತವನ ಕಿವಿಗೆ ಬೀಳುವುದೇ ಇಲ್ಲ. ಸವೆದ ಪ್ಲಗ್ ತೆಗೆದು ಹೊಸದನ್ನು ಹಾಕಿದಾಗ ಆ 3 ಅಶ್ವಶಕ್ತಿ ಹಿಂದಿರುಗುತ್ತದೆ, ಹೆಸರು ಮಾತ್ರ ಹೊಸ ಪ್ಲಗ್ಗಿನ ಬ್ರ್ಯಾಂಡಿಗೆ ಸಲ್ಲುತ್ತದೆ. ಅದೇ ದಿನ ಹಳೆಯ ಮಾದರಿಯದ್ದೇ ಹೊಸ ಪ್ಲಗ್ ಹಾಕಿದ್ದರೂ ಅಷ್ಟೇ ಸಿಗುತ್ತಿತ್ತು.

ಹಂತ 1: ಎಂಜಿನ್ನನ್ನು ಮೊದಲು ನೆಟ್ಟಗೆ ಮಾಡಿಕೊಳ್ಳಿ

ಪ್ರಯೋಗಕ್ಕೆ ಇಳಿಯುವ ಮೊದಲು, ಎಂಜಿನ್ ತಯಾರಕರು ಹೇಳಿದ ಮಾದರಿಯ ಹೊಸ ಪ್ಲಗ್ಗುಗಳನ್ನು, ಅವರೇ ಹೇಳಿದ ಗ್ಯಾಪ್‌ನಲ್ಲಿ (ಎಲೆಕ್ಟ್ರೋಡುಗಳ ನಡುವಿನ ಅಂತರ) ಹಾಕಿ. ಇದು ನಿಮ್ಮ ಹೋಲಿಕೆಯ ಅಳತೆಗೋಲು. ಪ್ಲಗ್ ಹೊರಗಿರುವಾಗಲೇ ಎಲ್ಲ ಸಿಲಿಂಡರುಗಳ ಕಂಪ್ರೆಷನ್ (ಪಿಸ್ಟನ್ ಮೇಲೇರಿದಾಗ ಒಳಗೆ ಏಳುವ ಒತ್ತಡ) ಅಳೆದು ಬರೆದಿಟ್ಟುಕೊಳ್ಳಿ. ಪ್ಲಗ್ ವೈರುಗಳಿದ್ದರೆ ಕತ್ತಲೆಯಲ್ಲಿ ಎಂಜಿನ್ ಚಾಲೂ ಮಾಡಿ ನೋಡಿ. ಹಳೆಯ ವೈರಿನ ಮೇಲಿಂದ ಹೆಡ್‌ನ ಕಡೆಗೆ ಸಣ್ಣ ನೀಲಿ ಕಿಡಿಗಳು ಜಿಗಿಯುತ್ತಿದ್ದರೆ ಆ ಕಿಡಿ ಸಿಲಿಂಡರಿನೊಳಗೆ ಹೋಗುತ್ತಿಲ್ಲ ಎಂದೇ ಅರ್ಥ. ಪ್ಲಗ್ಗಿನ ಮೇಲೇ ಕೂರುವ ಕಾಯಿಲ್‌ಗಳಾದರೆ ಅವುಗಳ ರಬ್ಬರ್ ಕೊಳವೆಯ ಒಳಗೆ ಬಿರುಕು, ಬಿಳಿ ಗೆರೆ ಅಥವಾ ಎಣ್ಣೆ ಇದೆಯೇ ಎಂದು ಪರೀಕ್ಷಿಸಿ.

ಕಂಪ್ರೆಷನ್ ಸೋರುವ ಎಂಜಿನ್ನಿಗೆ ದುಬಾರಿ ಇರಿಡಿಯಂ ತುದಿಯ ಪ್ಲಗ್ ತೊಡಿಸುವವರನ್ನು ನೋಡಿದಾಗಲೆಲ್ಲ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ನೆನಪಾಗುತ್ತದೆ.

ಹಂತ 2: ನಿಯಮ ಪುಸ್ತಕ ಮತ್ತು ಅಳತೆಗಳು

ನಿಮ್ಮ ವಿಭಾಗದ ನಿಯಮಗಳಲ್ಲಿ ಪ್ಲಗ್ ಬದಲಿಸಲು ಅವಕಾಶವಿದೆಯೇ ಎಂದು ಓದಿಕೊಳ್ಳಿ. ಅವಕಾಶವಿದ್ದರೆ ನಾಲ್ಕು ಅಳತೆಗಳನ್ನು ತಾಳೆ ನೋಡಬೇಕು: ಥ್ರೆಡ್‌ನ ವ್ಯಾಸ, ಥ್ರೆಡ್‌ನ ಉದ್ದ, ಸ್ಪ್ಯಾನರ್ ಹಿಡಿಯುವ ಷಡ್ಭುಜದ ಅಗಲ, ಮತ್ತು ಪ್ಲಗ್ ಕೂರುವ ಬಗೆ. ಹೆಚ್ಚಿನ ಕಾರುಗಳಲ್ಲಿ ವ್ಯಾಸ 14 ಮಿಲಿಮೀಟರ್. ಇತ್ತೀಚಿನ ಕೆಲವು ಎಂಜಿನ್ನುಗಳಲ್ಲಿ 12 ಮಿಲಿಮೀಟರ್. ಉದ್ದ 12.7, 19 ಅಥವಾ 26.5 ಮಿಲಿಮೀಟರ್ ಇರುವುದು ಸಾಮಾನ್ಯ. ಕೆಲವು ಪ್ಲಗ್ಗುಗಳು ವಾಷರ್ ಮೇಲೆ ಚಪ್ಪಟೆಯಾಗಿ ಕೂರುತ್ತವೆ, ಕೆಲವು ವಾಷರ್ ಇಲ್ಲದೆ ಇಳಿಜಾರಾದ ಅಂಚಿನ ಮೇಲೆ ಕೂರುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಉದ್ದದಲ್ಲಿ ತಪ್ಪಿದರೆ ಬೆಲೆ ತೆರಬೇಕಾಗುತ್ತದೆ. ಥ್ರೆಡ್ ಗಿಡ್ಡವಾದರೆ ಕಿಡಿ ಹೆಡ್‌ನ ರಂಧ್ರದೊಳಗೇ ಅಡಗಿ ಉರಿ ನಿಧಾನವಾಗಿ ಹರಡುತ್ತದೆ, ಹೆಡ್‌ನ ಖಾಲಿ ಥ್ರೆಡ್‌ನಲ್ಲಿ ಮಸಿ ಕಟ್ಟಿಕೊಂಡು ಮುಂದೆ ಸರಿಯಾದ ಪ್ಲಗ್ ಹಾಕಲೂ ತೊಡಕಾಗುತ್ತದೆ. ಉದ್ದವಾದರೆ ದಹನಕೋಣೆಯೊಳಗೆ ಚಾಚಿಕೊಂಡ ಚೂಪಾದ ಥ್ರೆಡ್ ಕೆಂಪಗೆ ಕಾದು ಕಿಡಿಗೂ ಮೊದಲೇ ಮಿಶ್ರಣವನ್ನು ಹೊತ್ತಿಸಬಹುದು, ಇಲ್ಲವೇ ಪಿಸ್ಟನ್ನಿಗೇ ತಗುಲಬಹುದು. ಹೆಡ್ ತಳವನ್ನು ತೆಳುಮಾಡಿಸಿದ ಅಥವಾ ಗುಮ್ಮಟದಂಥ ತಲೆಯ ಪಿಸ್ಟನ್ ಹಾಕಿಸಿದ ಎಂಜಿನ್ನಿನಲ್ಲಿ, ತುದಿ ಚಾಚಿಕೊಂಡ ಪ್ಲಗ್ ಹಾಕುವ ಮುನ್ನ ಮೆತ್ತನೆಯ ಜೇಡಿಯನ್ನು ಪಿಸ್ಟನ್ ಮೇಲಿಟ್ಟು ಹೆಡ್ ಕೂರಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ಅಂತರವನ್ನು ನೋಡಿಕೊಳ್ಳುವುದು ಕ್ಷೇಮ.

ಹಂತ 3: ಪ್ಲಗ್ ಮೇಲಿನ ಅಕ್ಷರಗಳನ್ನು ಓದಲು ಕಲಿಯಿರಿ

ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್-11 ಎಂಬ ಪ್ಲಗ್ಗಿನ ಹೆಸರನ್ನು ಬಿಡಿಸಿ ನೋಡೋಣ. ‘ಬಿ’ ಎಂದರೆ 14 ಮಿಲಿಮೀಟರ್ ಥ್ರೆಡ್. ‘ಪಿ’ ಎಂದರೆ ಪಿಂಗಾಣಿಯ ತುದಿ ಹೊರಕ್ಕೆ ಚಾಚಿಕೊಂಡಿದೆ. ‘ಆರ್’ ಎಂದರೆ ಒಳಗೆ ರೆಸಿಸ್ಟರ್ ಇದೆ. 6 ಎಂಬುದು ಹೀಟ್ ರೇಂಜ್, ಅಂದರೆ ತುದಿಯ ಶಾಖ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಗುರುತು: ಬೇಗ ಇಳಿದರೆ ‘ಕೋಲ್ಡ್’, ನಿಧಾನವಾಗಿ ಇಳಿದರೆ ‘ಹಾಟ್’. ‘ಇ’ ಎಂದರೆ ಥ್ರೆಡ್‌ನ ಉದ್ದ 19 ಮಿಲಿಮೀಟರ್. ‘ಎಸ್’ ಎಂದರೆ ಸಾಮಾನ್ಯ ಬಗೆಯ ಎಲೆಕ್ಟ್ರೋಡ್. ಕೊನೆಯ 11 ಎಂದರೆ 1.1 ಮಿಲಿಮೀಟರ್ ಗ್ಯಾಪ್.

ಹೀಟ್ ರೇಂಜ್ ಸಂಖ್ಯೆಯ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಎಲ್ಲ ಕಂಪನಿಗಳೂ ಒಂದೇ ದಿಕ್ಕಿನಲ್ಲಿ ಎಣಿಸುವುದಿಲ್ಲ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್ಗುಗಳಲ್ಲಿ ಸಂಖ್ಯೆ ಏರಿದಂತೆ ಪ್ಲಗ್ ಹೆಚ್ಚು ‘ಕೋಲ್ಡ್’ ಆಗುತ್ತದೆ. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗುಗಳಲ್ಲಿ ಸಂಖ್ಯೆ ಏರಿದಂತೆ ಹೆಚ್ಚು ‘ಹಾಟ್’ ಆಗುತ್ತದೆ. ಎನ್‌ಜಿಕೆಯ 6, 7, 8, 9ಕ್ಕೆ ಸರಿಸಾಟಿಯಾದ ಡೆನ್ಸೊ ಸಂಖ್ಯೆಗಳು ಕ್ರಮವಾಗಿ 20, 22, 24, 27. ಬ್ರ್ಯಾಂಡ್ ಬದಲಿಸುವಾಗ ಹೋಲಿಕೆಯ ಪಟ್ಟಿಯನ್ನು ನೋಡದೆ ಅಂದಾಜಿನಲ್ಲಿ ಹೋದವರು ಕೋಲ್ಡ್ ಎಂದುಕೊಂಡು ಹಾಟ್ ಪ್ಲಗ್ಗನ್ನೇ ತಂದು ಹಾಕಿದ್ದುಂಟು.

ಹಂತ 4: ಹೀಟ್ ರೇಂಜ್

ಪ್ಲಗ್ ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ. ಕೋಲ್ಡ್ ಪ್ಲಗ್ಗಿನ ಕಿಡಿ ತಣ್ಣಗಿರುವುದಿಲ್ಲ, ಹಾಟ್ ಪ್ಲಗ್ಗಿನ ಕಿಡಿ ಬಿಸಿಯೂ ಅಲ್ಲ. ಹೀಟ್ ರೇಂಜ್ ಎಂಬುದು ಪ್ಲಗ್ಗಿನ ತುದಿಯ ಶಾಖ ಎಷ್ಟು ಬೇಗ ಹೆಡ್‌ಗೆ ಇಳಿದುಹೋಗುತ್ತದೆ ಎಂಬುದರ ಅಳತೆ ಮಾತ್ರ. ಎರಡು ಪ್ಲಗ್ಗುಗಳನ್ನು ಅಕ್ಕಪಕ್ಕ ಹಿಡಿದು ಲೋಹದ ಕವಚದೊಳಕ್ಕೆ ಇಣುಕಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಹಾಟ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೂಗು ಉದ್ದವಾಗಿದ್ದು ಅದರ ಸುತ್ತಲಿನ ಟೊಳ್ಳು ಆಳವಾಗಿರುತ್ತದೆ, ಶಾಖ ದೂರ ಸಾಗಬೇಕು, ಕೋಲ್ಡ್ ಪ್ಲಗ್ಗಿನಲ್ಲಿ ಮೂಗು ಮೊಂಡಾಗಿ, ಪಿಂಗಾಣಿ ಬೇಗನೆ ಕವಚಕ್ಕೆ ತಾಗಿಕೊಂಡಿರುತ್ತದೆ.

ತುದಿಯ ಉಷ್ಣತೆ ಸುಮಾರು 450ರಿಂದ 870 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. 450ಕ್ಕಿಂತ ಕೆಳಗೆ ಪಿಂಗಾಣಿಯ ಮೇಲೆ ಕೂತ ಮಸಿ ಸುಟ್ಟುಹೋಗುವುದಿಲ್ಲ; ಮಸಿಯ ಮೂಲಕ ವಿದ್ಯುತ್ತು ಸೋರಿ ಗ್ಯಾಪ್ ದಾಟುವುದನ್ನೇ ಬಿಟ್ಟುಬಿಡುತ್ತದೆ. ಮೇಲಿನ ಮಿತಿಯನ್ನು ದಾಟಿದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಇದು ಪ್ರಿ-ಇಗ್ನಿಷನ್. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಉರಿ ಅದನ್ನು ಕೆಳಕ್ಕೆ ತಳ್ಳುವುದರಿಂದ ಶಕ್ತಿ ಕುಸಿಯುತ್ತದೆ, ಶಾಖ ಇನ್ನಷ್ಟು ಏರುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ತೂತು ಬೀಳಬಹುದು. ನಾಕಿಂಗ್ ಬೇರೆ, ಇದು ಬೇರೆ: ನಾಕಿಂಗ್ ಆಗುವುದು ಕಿಡಿ ಹಾರಿದ ಮೇಲೆ, ಉಳಿದ ಮಿಶ್ರಣ ತಾನಾಗಿ ಸಿಡಿದಾಗ. ಆದರೆ ಒಂದು ಇನ್ನೊಂದನ್ನು ಕರೆತರುತ್ತದೆ.

ಎಷ್ಟು ಕೋಲ್ಡ್ ಬೇಕು ಎಂಬುದಕ್ಕೆ ಕೆಲವು ಲೆಕ್ಕಗಳಿವೆ. ಹೀಟ್ ರೇಂಜನ್ನು ಒಂದು ಮೆಟ್ಟಿಲು ಬದಲಿಸಿದರೆ ತುದಿಯ ಉಷ್ಣತೆ ಸುಮಾರು 70ರಿಂದ 100 ಡಿಗ್ರಿ ಬದಲಾಗುತ್ತದೆ. ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ 10 ಡಿಗ್ರಿ ಬೇಗ ಆಗುವಂತೆ ಮುಂದಕ್ಕೆ ತಂದರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಅಥವಾ ಇತರ ಮಾರ್ಪಾಡುಗಳಿಂದ ಶಕ್ತಿ 75ರಿಂದ 100 ಅಶ್ವಶಕ್ತಿಯಷ್ಟು ಹೆಚ್ಚಿದರೆ ಒಂದು ಮೆಟ್ಟಿಲು ಕೋಲ್ಡ್ ಕಡೆಗೆ ಹೋಗುವುದು ಪ್ಲಗ್ ತಯಾರಕರೇ ಹೇಳುವ ಸ್ಥೂಲ ಸೂತ್ರ. ಮಾರ್ಪಾಡಿಲ್ಲದ ಎಂಜಿನ್ನನ್ನು ಟ್ರ್ಯಾಕ್ ಮೇಲೆ ದೀರ್ಘಕಾಲ ಪೂರ್ತಿ ಥ್ರಾಟಲ್‌ನಲ್ಲಿ (ಆಕ್ಸಿಲರೇಟರ್ ಪೂರ್ತಿ ಒತ್ತಿ) ಓಡಿಸುವುದಾದರೆ ಮೂಲ ಪ್ಲಗ್ಗಿನಿಂದಲೇ ಶುರುಮಾಡಿ, ತುದಿ ಅತಿಯಾಗಿ ಕಾದ ಗುರುತು ಕಂಡರೆ ಮಾತ್ರ ಒಂದು ಮೆಟ್ಟಿಲು ಕೋಲ್ಡ್ ಕಡೆಗೆ ಹೋಗಿ. ಮೆಥನಾಲ್ ಬಿಸಿ ಮೇಲ್ಮೈಯಿಂದ ಬಹಳ ಬೇಗ ಹೊತ್ತಿಕೊಳ್ಳುವ ಇಂಧನವಾದ್ದರಿಂದ ಅದನ್ನು ಬಳಸುವವರು ಹೆಚ್ಚು ಕೋಲ್ಡ್ ಪ್ಲಗ್ ಆರಿಸಬೇಕಾಗುತ್ತದೆ.

‘ಕೋಲ್ಡ್ ಪ್ಲಗ್ ಹಾಕಿದರೆ ಶಕ್ತಿ ಹೆಚ್ಚುತ್ತದೆ’ ಎಂಬ ಮಾತು ಎಲ್ಲಿಂದ ಬಂತು ಎಂಬುದು ಈಗ ಸ್ಪಷ್ಟವಾಗಬೇಕು. ಶಕ್ತಿ ಹೆಚ್ಚಿದ ಎಂಜಿನ್ನಿಗೆ ಕೋಲ್ಡ್ ಪ್ಲಗ್ ಬೇಕಾಗುತ್ತದೆ. ಕೋಲ್ಡ್ ಪ್ಲಗ್ಗಿನಿಂದ ಶಕ್ತಿ ಹೆಚ್ಚುವುದಿಲ್ಲ. ಕಾರ್ಯವನ್ನು ಕಾರಣವೆಂದು ತಿಳಿದವರ ಪೈಕಿ ನಾನೂ ಒಬ್ಬನಾಗಿದ್ದೆ. ಮಾರ್ಪಾಡಿಲ್ಲದ ಎಂಜಿನ್ನಿಗೆ ಎರಡು ಮೆಟ್ಟಿಲು ಕೋಲ್ಡ್ ಪ್ಲಗ್ ಹಾಕಿಕೊಂಡು ಹೋಗಿದ್ದೆ. ಗ್ರಿಡ್ ಮೇಲೆ (ರೇಸ್ ಶುರುವಾಗುವ ಸಾಲಿನಲ್ಲಿ) ಏಳೆಂಟು ನಿಮಿಷ ಐಡಲ್‌ನಲ್ಲಿ ನಿಂತು, ಹಸಿರು ದೀಪ ಬಿದ್ದೊಡನೆ ಪೂರ್ತಿ ಥ್ರಾಟಲ್ ಕೊಟ್ಟರೆ ಕಾರು ಕೆಮ್ಮುತ್ತಾ ಮುಂದೆ ಹೋಗಲು ಒಲ್ಲದು. ಮೂರನೆಯ ಸುತ್ತಿಗೆ ತಾನಾಗಿ ಸರಿಹೋಯಿತು. ರೇಸ್ ಮುಗಿದ ಮೇಲೆ ಪ್ಲಗ್ ತೆಗೆದು ನೋಡಿದರೆ ಅಚ್ಚ ಬಿಳಿ, ಒಂದು ಚುಕ್ಕೆ ಮಸಿಯಿಲ್ಲ, ಏಕೆಂದರೆ ಅಷ್ಟರಲ್ಲಿ ಅದು ಸುಟ್ಟುಹೋಗಿತ್ತು. ಹೀಗಾಗಿ ತಪ್ಪು ಪ್ಲಗ್ಗಿನದ್ದೆಂದು ಹೊಳೆಯದೆ ಎರಡು ಸ್ಪರ್ಧೆಗಳವರೆಗೆ ಕಾರ್ಬುರೇಟರನ್ನು ಬಿಚ್ಚಿ ಜೋಡಿಸುತ್ತಾ ಕಳೆದೆ. ಗ್ರಿಡ್‌ಗೆ ಬಂದ ಕಾರನ್ನು ಅಲ್ಲಿಯೇ ನಿಲ್ಲಿಸಿ ಒಂದು ಪ್ಲಗ್ ತೆಗೆದು ನೋಡಿದ್ದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹವ್ಯಾಸಿ ಕಾರುಗಳಲ್ಲಿ ಪ್ಲಗ್ ಕೊಲ್ಲುವ ಮತ್ತೊಂದು ಅಭ್ಯಾಸವಿದೆ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ ಟ್ರೇಲರಿನಿಂದ ಇಳಿಸುವುದು, ಆಫ್ ಮಾಡುವುದು. ಮತ್ತೆ ಚಾಲೂ ಮಾಡಿ ತಪಾಸಣೆಗೆ ಒಯ್ಯುವುದು, ಆಫ್ ಮಾಡುವುದು. ಪ್ರತಿ ಸಲವೂ ದಟ್ಟ ಮಿಶ್ರಣ ಸುರಿದು ಪ್ಲಗ್ ಒದ್ದೆಯಾಗುತ್ತದೆ, ಒಣಗುವಷ್ಟು ಕಾಯುವುದಿಲ್ಲ. ಕಾರನ್ನು ಕೈಯಿಂದ ತಳ್ಳಿ. ಚಾಲೂ ಮಾಡಲೇಬೇಕಾದರೆ ನೀರು ಪೂರ್ತಿ ಬಿಸಿಯಾಗುವವರೆಗೆ ಓಡಿಸಿ ಆಮೇಲೆ ಆಫ್ ಮಾಡಿ.

ಹಂತ 5: ಗ್ಯಾಪ್ ಹೊಂದಿಸುವುದು

ಪೂರ್ತಿ ಥ್ರಾಟಲ್‌ನಲ್ಲಿ ಮಿಶ್ರಣ ತುಸು ದಟ್ಟವಾಗಿ, ಒತ್ತಡ ಹೆಚ್ಚಾಗಿ ಇರುತ್ತದೆ. ಇಂಥ ಮಿಶ್ರಣವನ್ನು ಹೊತ್ತಿಸುವುದು ಸುಲಭ, ಆದರೆ ಆ ಒತ್ತಡದಲ್ಲಿ ಕಿಡಿ ಗ್ಯಾಪ್ ದಾಟುವುದು ಕಷ್ಟ. ಗ್ಯಾಪ್ ಹಾಗೂ ಒತ್ತಡ ಎರಡೂ ಹೆಚ್ಚಿದಂತೆ ಬೇಕಾಗುವ ವೋಲ್ಟೇಜ್ ಏರುತ್ತದೆ. ಅದು ಕಾಯಿಲ್ ಕೊಡಬಲ್ಲ ವೋಲ್ಟೇಜನ್ನು ಮೀರಿದ ಕ್ಷಣ ಕಿಡಿ ತಪ್ಪುತ್ತದೆ. ರೇಸ್ ಕಾರುಗಳಲ್ಲಿ ಎತ್ತರದ ಆರ್‌ಪಿಎಂನಲ್ಲಿ, ಅಥವಾ ಟರ್ಬೊ ಪೂರ್ತಿ ಒತ್ತಡ ಕೊಟ್ಟ ಹೊತ್ತಿಗೆ ಕಾಣಿಸಿಕೊಳ್ಳುವ ಮಿಸ್ಸಿಂಗ್‌ಗೆ ಇದೇ ಬಹುಪಾಲು ಕಾರಣ.

ಟರ್ಬೊ ಇಲ್ಲದ ಎಂಜಿನ್ನುಗಳಲ್ಲಿ 0.8ರಿಂದ 1.1 ಮಿಲಿಮೀಟರ್ ಗ್ಯಾಪ್ ಸಾಮಾನ್ಯ. ಹೆಚ್ಚಿನ ಟರ್ಬೊ ಒತ್ತಡವಿದ್ದರೆ 0.5ರಿಂದ 0.7ಕ್ಕೆ ಇಳಿಸಬೇಕಾಗುತ್ತದೆ. ಗ್ಯಾಪ್ ದೊಡ್ಡದಿದ್ದಷ್ಟೂ ಉರಿಯ ಆರಂಭ ಚೆನ್ನಾಗಿರುತ್ತದೆ ಎಂಬುದು ನಿಜ, ಆದರೆ ಅದರ ಲಾಭ ಕಾಣುವುದು ಐಡಲ್‌ನಲ್ಲಿ ಮತ್ತು ತೆಳು ಮಿಶ್ರಣದಲ್ಲಿ. ಮಿಸ್ಸಿಂಗ್ ಬಗ್ಗೆ ಅನುಮಾನವಿದ್ದರೆ ಎಲ್ಲ ಪ್ಲಗ್ಗುಗಳ ಗ್ಯಾಪನ್ನೂ 0.1 ಮಿಲಿಮೀಟರ್ ಕಡಿಮೆ ಮಾಡಿ ಅದೇ ಗೇರಿನಲ್ಲಿ, ಅದೇ ಆರ್‌ಪಿಎಂವರೆಗೆ ಎಳೆದು ನೋಡಿ. ಮಿಸ್ಸಿಂಗ್ ಮಾಯವಾದರೆ ಕಾಯಿಲ್ ತನ್ನ ಮಿತಿಯಲ್ಲಿದೆ ಎಂದಾಯಿತು. ಆಗ ಆ ಗ್ಯಾಪನ್ನೇ ಉಳಿಸಿಕೊಳ್ಳಬಹುದು, ಇಲ್ಲವೇ ಕಾಯಿಲ್ ಮತ್ತು ಅದಕ್ಕೆ ಬರುವ ಬ್ಯಾಟರಿ ವೋಲ್ಟೇಜನ್ನು ಪರೀಕ್ಷಿಸಬಹುದು. ಏನೂ ಬದಲಾಗದಿದ್ದರೆ ದೋಷವನ್ನು ಬೇರೆಡೆ ಹುಡುಕಿ.

ಗ್ಯಾಪ್ ಅಳೆಯಲು ದುಂಡನೆಯ ತಂತಿಯ ಗೇಜ್ ಒಳ್ಳೆಯದು. ಸವೆದ ಪ್ಲಗ್ಗಿನಲ್ಲಿ ಕೊಕ್ಕೆಯಂತೆ ಬಾಗಿದ ಹೊರ ಎಲೆಕ್ಟ್ರೋಡ್‌ನ ಒಳಮೈ ಬಟ್ಟಲಿನಂತೆ ಕುಳಿಬಿದ್ದಿರುತ್ತದೆ. ಚಪ್ಪಟೆ ಪಟ್ಟಿಯ ಫೀಲರ್ ಗೇಜ್ ಆ ಕುಳಿಯ ಅಂಚುಗಳ ಮೇಲೆ ಕೂತು ಗ್ಯಾಪನ್ನು ಕಡಿಮೆ ತೋರಿಸುತ್ತದೆ. ತಂತಿ ಎರಡೂ ಕಡೆ ಲಘುವಾಗಿ ತಾಗುತ್ತಾ, ತಡೆಯಿಲ್ಲದೆ ಆದರೆ ಸಡಿಲವೂ ಆಗದೆ ಹಾದುಹೋಗಬೇಕು. ಗ್ಯಾಪ್ ಹೆಚ್ಚಿಸಬೇಕಾದರೆ ಗೇಜಿನ ಕೊಂಡಿಯಿಂದ ಕೊಕ್ಕೆಯನ್ನಷ್ಟೇ ಹಿಡಿದು ಬಗ್ಗಿಸಿ. ಕಡಿಮೆ ಮಾಡಬೇಕಾದರೆ ಕೊಕ್ಕೆಯ ಬೆನ್ನನ್ನು ಮರದ ತುಂಡಿನ ಮೇಲೆ ಮೆಲ್ಲಗೆ ಕುಟ್ಟಿ. ನಡುವಿನ ಎಲೆಕ್ಟ್ರೋಡನ್ನು ಆಸರೆಯಾಗಿ ಇಟ್ಟುಕೊಂಡು ಮೀಟಬಾರದು. ಇರಿಡಿಯಂ ತುದಿ ಕಡ್ಡಿಯಷ್ಟೂ ದಪ್ಪವಿರುವುದಿಲ್ಲ, ಸ್ವಲ್ಪ ಒತ್ತಡಕ್ಕೇ ಮುರಿಯುತ್ತದೆ. ಪೊಟ್ಟಣದಿಂದ ಆಗಷ್ಟೇ ತೆಗೆದ ಹೊಸ ಪ್ಲಗ್ಗನ್ನೂ ಅಳೆಯದೆ ಹಾಕಬೇಡಿ.

ಹಂತ 6: ಲೋಹ, ಆಕಾರ, ರೆಸಿಸ್ಟರ್

ಮಾತಿನಲ್ಲಿ ‘ತಾಮ್ರದ ಪ್ಲಗ್’ ಎನಿಸಿಕೊಂಡದ್ದರ ಎಲೆಕ್ಟ್ರೋಡ್ ತುದಿ ನಿಜವಾಗಿ ನಿಕ್ಕಲ್ ಮಿಶ್ರಲೋಹದ್ದು. ತಾಮ್ರ ಇರುವುದು ಶಾಖ ಸಾಗಿಸಲು ಒಳಗಿನ ತಿರುಳಿನಲ್ಲಿ. ಆ ತುದಿಯ ದಪ್ಪ ಸುಮಾರು 2.5 ಮಿಲಿಮೀಟರ್. ಪ್ಲಾಟಿನಂ 1768 ಡಿಗ್ರಿಯಲ್ಲಿ ಕರಗುತ್ತದೆ, ಇರಿಡಿಯಂ 2446 ಡಿಗ್ರಿಯಲ್ಲಿ. ಇಷ್ಟು ಗಟ್ಟಿಯಾದ ಲೋಹವಾದ್ದರಿಂದ ಇರಿಡಿಯಂ ತುದಿಯನ್ನು 0.4ರಿಂದ 0.6 ಮಿಲಿಮೀಟರಿನಷ್ಟು ಸಣ್ಣಗೆ ಮಾಡಲು ಸಾಧ್ಯವಾಗಿದೆ. ತುದಿ ಚೂಪಾದಷ್ಟೂ ಕಿಡಿ ಹಾರಲು ಬೇಕಾದ ವೋಲ್ಟೇಜ್ ಕಡಿಮೆ. ಆದುದರಿಂದ ಕಾಯಿಲ್ ದುರ್ಬಲವಾಗಿರುವ, ಅಥವಾ ಟರ್ಬೊ ಒತ್ತಡ ಹೆಚ್ಚಿರುವ ಎಂಜಿನ್ನಿನಲ್ಲಿ ಇರಿಡಿಯಂ ಪ್ಲಗ್ ಮಿಸ್ಸಿಂಗ್ ತಡೆದು ನಿಜವಾಗಿಯೂ ನೆರವಾಗಬಹುದು. ಮಿಸ್ಸಿಂಗ್ ಇಲ್ಲದ ಎಂಜಿನ್ನಿನಲ್ಲಿ ಅದರ ಲಾಭ ಬಾಳಿಕೆ ಮಾತ್ರ. ಕೆಲವು ಸ್ಪರ್ಧೆಗಳಿಗೊಮ್ಮೆ ಪ್ಲಗ್ ಬದಲಿಸುವ ಹವ್ಯಾಸಿಗೆ ಆ ಬಾಳಿಕೆ ಉಪಯೋಗಕ್ಕೆ ಬರುವುದೇ ಇಲ್ಲ. ನಾನಂತೂ ನಿಕ್ಕಲ್ ಪ್ಲಗ್ಗನ್ನೇ ಹಾಕಿ, ಬೇಗ ಬೇಗ ಬದಲಿಸುತ್ತೇನೆ.

ಎರಡು, ಮೂರು, ನಾಲ್ಕು ಕೊಕ್ಕೆಗಳಿರುವ ಪ್ಲಗ್ಗಿನಲ್ಲಿ ಒಮ್ಮೆಗೆ ನಾಲ್ಕು ಕಿಡಿ ಹಾರುವುದಿಲ್ಲ. ಸುಲಭವಾದ ದಾರಿ ಎಲ್ಲಿದೆಯೋ ಅಲ್ಲಿ ಒಂದೇ ಕಿಡಿ ಹಾರುತ್ತದೆ. ಸವೆತ ಹಂಚಿಹೋಗುವುದರಿಂದ ಬಾಳಿಕೆ ಹೆಚ್ಚುತ್ತದೆ ಅಷ್ಟೇ. ತುದಿ ಹೊರಚಾಚಿದ ಪ್ಲಗ್ಗಿನ ವಿಷಯ ಬೇರೆ: ಉರಿ ದಹನಕೋಣೆಯ ನಡುಭಾಗಕ್ಕೆ ಹತ್ತಿರವಾಗಿ ಶುರುವಾಗುವುದರಿಂದ ಸ್ವಲ್ಪ ಬೇಗ ಹರಡುತ್ತದೆ. ಎಂಜಿನ್ನಿನಲ್ಲಿ ಜಾಗವಿದ್ದರೆ ಪ್ರಯತ್ನಿಸಲು ಯೋಗ್ಯವಾದ ಬದಲಾವಣೆ ಇದು, ಆದರೆ ಉರಿಯ ವೇಗ ಬದಲಾದ ಮೇಲೆ ಟೈಮಿಂಗನ್ನು ಮತ್ತೆ ಹೊಂದಿಸದಿದ್ದರೆ ಬಂದ ಲಾಭವೂ ಕೈಬಿಡುತ್ತದೆ. ಕೊಕ್ಕೆಯ ತೆರೆದ ಬದಿ ಇನ್‌ಟೇಕ್ ವಾಲ್ವ್ ಕಡೆಗೆ ಬರುವಂತೆ ಬೇರೆ ಬೇರೆ ದಪ್ಪದ ವಾಷರ್ ಹಾಕಿ ಪ್ಲಗ್ ಕೂರಿಸುವ ಅಭ್ಯಾಸವೂ ಇದೆ. ಪಿಸ್ಟನ್ನಿಗೆ ಕೊಕ್ಕೆ ತಗುಲದಂತೆ ನೋಡಿಕೊಳ್ಳಲು ಅದು ಅಗತ್ಯವಾದೀತು. ಶಕ್ತಿಗಾಗಿ ಅದನ್ನು ಮಾಡುವವರಿಗೆ ಸಿಗುವ ವ್ಯತ್ಯಾಸ, ಸಿಕ್ಕರೂ, ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಅಳತೆಯ ಏರುಪೇರಿನೊಳಗೇ ಮುಚ್ಚಿಹೋಗುವಷ್ಟು ಸಣ್ಣದು.

ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಕಿಡಿ ಬಲವಾಗುತ್ತದೆ ಎಂಬ ನಂಬಿಕೆಯಿಂದ ದೂರವಿರಿ. ಸುಮಾರು 5 ಕಿಲೊಓಮ್‌ನ ಆ ರೆಸಿಸ್ಟರ್ ಇರುವುದು ಕಿಡಿಯಿಂದ ಹೊರಡುವ ವಿದ್ಯುತ್ ಗದ್ದಲವನ್ನು ಅಡಗಿಸಲು. ಅದನ್ನು ತೆಗೆದ ದಿನ ನನ್ನ ಕಾರಿನ ಟ್ಯಾಕೋಮೀಟರ್ ಮುಳ್ಳು 5000 ದಾಟಿದೊಡನೆ ಕುಣಿಯತೊಡಗಿತು, ಡೇಟಾ ಲಾಗರಿನಲ್ಲಿ ಆರ್‌ಪಿಎಂ ಗೆರೆ ಗರಗಸದ ಹಲ್ಲಿನಂತೆ ಬಂತು. ಅದೇ ಗದ್ದಲ ಕ್ರ್ಯಾಂಕ್ ಸೆನ್ಸರಿನ ತಂತಿಗೆ ಸೇರಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಪ್ಪು ಹೊತ್ತಿಗೆ ಕಿಡಿ ಹಾರಿಸುತ್ತದೆ.

ಹಂತ 7: ಕೂರಿಸುವ ಕ್ರಮ

ಎಂಜಿನ್ ತಣ್ಣಗಾಗಿರಲಿ. ಪ್ಲಗ್ ಸುತ್ತಲಿನ ಮಣ್ಣನ್ನು ಗಾಳಿಯಿಂದ ಊದಿದ ಮೇಲಷ್ಟೇ ಬಿಚ್ಚಿ, ಇಲ್ಲವಾದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ಹೊಸ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಿ; ಥ್ರೆಡ್ ವಾರೆಯಾಗಿ ಸಿಕ್ಕಿಕೊಂಡರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿಲಿಮೀಟರ್ ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿಲಿಮೀಟರ್ ಪ್ಲಗ್ಗಿಗೆ 15ರಿಂದ 20 ನ್ಯೂಟನ್ ಮೀಟರ್ ಬಿಗಿತ ಸಾಮಾನ್ಯ. ಎಂಜಿನ್ ಕೈಪಿಡಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಟಾರ್ಕ್ ರೆಂಚ್ ಇಲ್ಲದಿದ್ದರೆ, ಬೆರಳಿನ ಬಿಗಿತದ ನಂತರ ಹೊಸ ವಾಷರ್ ಆದರೆ ಅರ್ಧದಿಂದ ಮೂರನೇ ಎರಡು ಸುತ್ತು, ಒಮ್ಮೆ ಬಳಸಿದ ವಾಷರ್ ಆದರೆ ಹನ್ನೆರಡನೇ ಒಂದು ಸುತ್ತು, ವಾಷರ್ ಇಲ್ಲದ ಇಳಿಜಾರು ಅಂಚಿನ ಪ್ಲಗ್ ಆದರೆ ಹದಿನಾರನೇ ಒಂದು ಸುತ್ತು ಸಾಕು. ಲೇಪನವಿರುವ ಥ್ರೆಡ್‌ಗೆ ಗ್ರೀಸ್ ಬಗೆಯ ಯಾವುದನ್ನೂ ಹಚ್ಚಬೇಡಿ. ಜಾರುವುದರಿಂದ ಅದೇ ಟಾರ್ಕ್‌ನಲ್ಲಿ ಪ್ಲಗ್ ಅತಿಯಾಗಿ ಬಿಗಿಯಾಗುತ್ತದೆ.

ಸಡಿಲ ಪ್ಲಗ್ಗಿನ ಅಪಾಯ ಹೀಟ್ ರೇಂಜಿಗೇ ಸಂಬಂಧಿಸಿದ್ದು. ತುದಿಯ ಶಾಖ ಇಳಿಯುವುದು ಥ್ರೆಡ್ ಮತ್ತು ಕೂರುವ ಅಂಚಿನ ಮೂಲಕವಾದ್ದರಿಂದ, ಸಡಿಲವಾದ ಕೋಲ್ಡ್ ಪ್ಲಗ್ ಹಾಟ್ ಪ್ಲಗ್ಗಿಗಿಂತಲೂ ಕೆಟ್ಟದಾಗಿ ಕಾಯುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನು ಬಳಸಬೇಡಿ. ಪಿಂಗಾಣಿಯೊಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಪೂರ್ತಿ ಥ್ರಾಟಲ್‌ನಲ್ಲಿ ಮಾತ್ರ ತನ್ನ ಇರವನ್ನು ತಿಳಿಸುತ್ತದೆ.

ಹಂತ 8: ಅಳೆದು ನೋಡುವುದು

ಪ್ಲಗ್ ಎ ಮತ್ತು ಪ್ಲಗ್ ಬಿ ಹೋಲಿಸಬೇಕಾದರೆ ಒಂದೇ ದಿನ, ಒಂದೇ ಡೈನೊ ಮೇಲೆ, ಎ, ಬಿ, ಮತ್ತೆ ಎ ಎಂಬ ಕ್ರಮದಲ್ಲಿ, ಪ್ರತಿಯೊಂದಕ್ಕೂ ಕನಿಷ್ಠ ಮೂರು ಬಾರಿ ಎಳೆಯಿರಿ. ಎರಡೂ ಹೊಸದಾಗಿರಬೇಕು, ಗ್ಯಾಪ್ ಒಂದೇ ಆಗಿರಬೇಕು. ಪ್ರತಿ ಸಲ ಶುರುಮಾಡುವಾಗ ನೀರು, ಎಂಜಿನ್ ಆಯಿಲ್ ಮತ್ತು ಒಳಹೋಗುವ ಗಾಳಿಯ ಉಷ್ಣತೆ ಒಂದೇ ಮಟ್ಟದಲ್ಲಿದೆಯೇ ಎಂದು ಬರೆದುಕೊಳ್ಳಿ. ಆಯಿಲ್ ಬಿಸಿಯಾಗಿ ತೆಳುವಾದರೇ ಸಾಕು, ಸಂಖ್ಯೆ ಮೇಲೇರುತ್ತದೆ. ಎ ಪ್ಲಗ್ಗಿನ ಆರು ಎಳೆತಗಳ ನಡುವೆಯೇ 2 ಅಶ್ವಶಕ್ತಿಯ ಏರುಪೇರು ಕಂಡಿದ್ದರೆ, ಬಿ ಪ್ಲಗ್ಗಿನ 1.5 ಅಶ್ವಶಕ್ತಿಯ ಗೆಲುವಿಗೆ ಯಾವ ಅರ್ಥವೂ ಇಲ್ಲ. ಟ್ರ್ಯಾಕ್ ಮೇಲಿನ ಸುತ್ತಿನ ಸಮಯದಿಂದ ಇದನ್ನು ಅಳೆಯಲು ಹೋಗಬೇಡಿ. ಗಾಳಿ, ಟೈರ್, ಮುಂದಿನ ಕಾರಿನ ಮರೆ, ಚಾಲಕನ ಅಂದಿನ ಮನಸ್ಸು ಇವೆಲ್ಲ ಪ್ಲಗ್ಗಿಗಿಂತ ದೊಡ್ಡವು.

ಹಂತ 9: ಪ್ಲಗ್ ಓದುವುದು

ಅಳತೆಗಿಂತಲೂ ಹೆಚ್ಚು ವಿಷಯ ತಿಳಿಯುವುದು ಬಳಸಿದ ಪ್ಲಗ್ಗನ್ನು ನೋಡುವುದರಿಂದ, ಆದರೆ ಅದನ್ನು ಸರಿಯಾದ ಕ್ಷಣದಲ್ಲಿ ತೆಗೆದಿರಬೇಕು. ಅಭ್ಯಾಸದ ಅವಧಿಯಲ್ಲಿ, ಹಿಂದೆ ಯಾರೂ ಇಲ್ಲದ್ದನ್ನು ಖಚಿತಪಡಿಸಿಕೊಂಡು, ನೇರ ದಾರಿಯ ಕೊನೆಯವರೆಗೂ ಪೂರ್ತಿ ಥ್ರಾಟಲ್‌ನಲ್ಲಿ ಹೋಗಿ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ, ಕಾರನ್ನು ಉರುಳುತ್ತಾ ಪಕ್ಕಕ್ಕೆ ತಂದು ನಿಲ್ಲಿಸಿ. ಕೀಲಿಯಿಂದ ಸ್ಟೀರಿಂಗ್ ಲಾಕ್ ಆಗುವ ಕಾರಾದರೆ ಕೀಲಿ ಮುಟ್ಟದೆ ಎಂಜಿನ್ ಸ್ವಿಚ್ಚನ್ನಷ್ಟೇ ಬಳಸಿ. ಬ್ರೇಕ್ ಬೂಸ್ಟರಿನ ನೆರವು ಬೇಗ ಮುಗಿಯುತ್ತದೆ ಎಂಬುದೂ ನೆನಪಿರಲಿ. ಪಿಟ್‌ವರೆಗೆ ನಿಧಾನವಾಗಿ ಓಡಿಸಿಕೊಂಡು ಬಂದು ತೆಗೆದ ಪ್ಲಗ್ ಪಿಟ್ ಹಾದಿಯ ಕಥೆಯನ್ನಷ್ಟೇ ಹೇಳುತ್ತದೆ.

ತೆಗೆದ ಪ್ಲಗ್ಗನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ, ಬಿಸಿಲಿಗೆ ಹಿಡಿದು ನೋಡಿ. ಮೊದಲು ಪಿಂಗಾಣಿ: ಕರಿಮೆಣಸಿನ ಪುಡಿ ಉದುರಿದಂತೆ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ನಾಕಿಂಗ್ ಶುರುವಾಗಿದೆ, ಅದರ ನಡುವೆ ಹೊಳೆಯುವ ಬೆಳ್ಳಿಯ ಬಣ್ಣದ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಅಂದಿಗೆ ಕಾರು ಓಡಿಸುವುದನ್ನು ನಿಲ್ಲಿಸಿ. ಪಿಂಗಾಣಿ ಗುಳ್ಳೆಯೆದ್ದಿದ್ದರೆ ಅಥವಾ ಗಾಜಿನಂತೆ ಹೊಳೆಯುತ್ತಿದ್ದರೆ ತುದಿ ಅತಿಯಾಗಿ ಕಾದಿದೆ. ಆಮೇಲೆ ಕೊಕ್ಕೆ: ಶಾಖದಿಂದ ಅದರ ಬಣ್ಣ ಬದಲಾದ ಗೆರೆಯೊಂದು ಇರುತ್ತದೆ. ಗೆರೆ ಕೊಕ್ಕೆಯ ತುದಿಯಲ್ಲೇ ನಿಂತಿದ್ದರೆ ಶಾಖ ಕಡಿಮೆ. ಬಾಗಿನ ಆಸುಪಾಸಿನಲ್ಲಿದ್ದರೆ ಸರಿ. ಬಾಗನ್ನು ದಾಟಿ ಬುಡದವರೆಗೆ ಇಳಿದಿದ್ದರೆ ಟೈಮಿಂಗ್ ಅತಿಯಾಗಿ ಮುಂದಿದೆ ಅಥವಾ ಪ್ಲಗ್ ಹಾಟ್ ಆಗಿದೆ. ಪಿಂಗಾಣಿಯ ಕಂದು ಬಣ್ಣದಿಂದ ಮಿಶ್ರಣವನ್ನು ಊಹಿಸುವ ಹಳೆಯ ಪದ್ಧತಿಯನ್ನು ನೆಚ್ಚಬೇಡಿ. ಸೀಸವಿಲ್ಲದ ಪೆಟ್ರೋಲ್ ಬೇಗ ಬಣ್ಣ ಹಿಡಿಸುವುದಿಲ್ಲ, ಎಥನಾಲ್ ಮತ್ತು ಮೆಥನಾಲ್ ಬಹುತೇಕ ಹಿಡಿಸುವುದೇ ಇಲ್ಲ. ಮಿಶ್ರಣ ತಿಳಿಯಲು ಎಕ್ಸಾಸ್ಟ್‌ನಲ್ಲಿ ಕೂರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಬಳಸಿ. ಬಣ್ಣ ಉಪಯೋಗಕ್ಕೆ ಬರುವುದು ಹೋಲಿಕೆಗೆ: ಮೂರು ಪ್ಲಗ್ ಒಂದೇ ತೆರನಾಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ, ಆ ಸಿಲಿಂಡರಿನ ಇಂಜೆಕ್ಟರ್, ಕಾಯಿಲ್ ಅಥವಾ ರಿಂಗುಗಳ ಕಡೆಗೆ ಗಮನ ಹರಿಸಬೇಕು.

ತೆಗೆದ ಪ್ಲಗ್ಗುಗಳನ್ನು ಕಲೆಸಬೇಡಿ. ಒಂದು ಮರದ ಪಟ್ಟಿಯಲ್ಲಿ ನಾಲ್ಕು ತೂತು ಕೊರೆದು ಸಿಲಿಂಡರ್ ಸಂಖ್ಯೆ ಬರೆದು, ಅದರಲ್ಲೇ ಸಿಕ್ಕಿಸಿ ಫೋಟೊ ತೆಗೆದಿಟ್ಟುಕೊಳ್ಳಿ; ಜೊತೆಗೆ ದಿನಾಂಕ, ಗ್ಯಾಪ್, ಹೀಟ್ ರೇಂಜ್, ಟೈಮಿಂಗ್ ಬರೆದಿಡಿ. ಸ್ಪರ್ಧೆಯ ದಿನಕ್ಕೆ ಪೊಟ್ಟಣ ಒಡೆಯದ ಪ್ಲಗ್ ಒಯ್ಯುವುದಕ್ಕಿಂತ, ಹಿಂದಿನ ಅಭ್ಯಾಸದಲ್ಲಿ ಹತ್ತು ಸುತ್ತು ಓಡಿ, ಗ್ಯಾಪ್ ಮತ್ತೆ ಅಳೆದು ಒರೆಸಿಟ್ಟ ಒಂದು ಜೊತೆಯನ್ನು ಟೂಲ್‌ಬಾಕ್ಸಿನಲ್ಲಿ ಇಟ್ಟುಕೊಂಡಿರಿ. ಗ್ರಿಡ್ ಮೇಲೆ ಎಂಜಿನ್ ಕೆಮ್ಮಿದರೆ ಐದು ನಿಮಿಷದಲ್ಲಿ ಹಾಕಬಹುದು. ಅವುಗಳ ವಾಷರ್ ಆಗಲೇ ಒಮ್ಮೆ ಅಮುಕಿರುವುದರಿಂದ ಬೆರಳಿನ ಬಿಗಿತದ ಮೇಲೆ ಹನ್ನೆರಡನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.